ಸೌಂಡ್ ಒಡೆಯುವುದು ಎಲ್ಲಿ?

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಮದುವೆಯ ಮೆರವಣಿಗೆಯಿರಲಿ, ಜಾತ್ರೆಯಿರಲಿ, ಗಣಪತಿ ಕಳಿಸುವುದಿರಲಿ, ಡಿಜೆ ಬೇಕೇ ಬೇಕು ಎನ್ನುವ ಕಾಲವಿದು. ಟ್ರೇಲರಿನ ಮೇಲೆ ಎಷ್ಟು ಬೇಸ್, ಎಷ್ಟು ಟಾಪ್ ಡಬ್ಬಿಗಳಿವೆ ಎಂದು ಎಣಿಸಿ ಸೆಟ್ಟಿನ ಯೋಗ್ಯತೆ ಅಳೆಯುತ್ತಾರೆ. ಹಾಡು ಕರ್ಕಶವಾಗಿ ಕೇಳಿದರೆ ಬೈಗುಳವೂ ಆ ಡಬ್ಬಿಗಳಿಗೇ. ಆದರೆ ಸೌಂಡ್ ಬಹಳ ಸಲ ಒಡೆಯುವುದು ಡಬ್ಬಿಗಳ ಹಿಂದಿರುವ ಸಣ್ಣ ಮಿಕ್ಸರಿನಲ್ಲಿ, ಅದೂ ಹಾಡು ಜನರ ಕಿವಿಗೆ ಬೀಳುವ ಮುಂಚೆ.

ಮಿಕ್ಸರಿನ ಪ್ರತಿ ಚಾನೆಲ್ಲಿನ ತಲೆಯಲ್ಲಿ ಗೇನ್, ಅಂದರೆ ಒಳಬರುವ ಸದ್ದಿನ ಮಟ್ಟ, ತಿರುಗಿಸುವ ನಾಬ್ ಇರುತ್ತದೆ, ಬುಡದಲ್ಲಿ ಅದನ್ನು ಹೊರಗೆ ಬಿಡುವ ಫೇಡರ್. ನಡುವೆ ಕ್ಯೂ ಎಂಬ ಬಟನ್. ಅದನ್ನು ಒತ್ತಿದರೆ ಫೇಡರ್ ಪೂರ್ತಿ ಕೆಳಗಿದ್ದರೂ ಹಾಡು ಆಪರೇಟರನ ಹೆಡ್‌ಫೋನಿಗೆ ಬರುತ್ತದೆ, ಬೀದಿಗೆ ಬರುವುದಿಲ್ಲ. ಬಹುತೇಕ ಮಿಕ್ಸರುಗಳಲ್ಲಿ ಪಕ್ಕದ ದೀಪಗಳ ಸಾಲು ಕೂಡ ಫೇಡರಿಗೆ ಮುಂಚಿನ ಮಟ್ಟವನ್ನೇ ತೋರಿಸುತ್ತದೆ. ಹಸಿರು ದಾಟಿ ಹಳದಿ ಆಗಾಗ ಮಿನುಗಿದರೆ ಸಾಕು, ಕೆಂಪು ಹತ್ತಬಾರದು. ಮಟ್ಟ ನೋಡಲು ಹಾಡಿನ ಆರಂಭವನ್ನಲ್ಲ, ಅತಿ ಜೋರಾಗುವ ಜಾಗವನ್ನು ಹುಡುಕಬೇಕು. ಇದೇ ಮಣ್ಣಿನ ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತ ಆಟದ ಒಂದು ಪದ ಹಾಕುತ್ತೀರಿ ಎನ್ನಿ. ಒಂಟಿ ದನಿ ಮೆಲ್ಲಗೆ ಎತ್ತಿಕೊಳ್ಳುವಾಗ ಗೇನ್ ಹೊಂದಿಸಿದರೆ, ಹಿಮ್ಮೇಳ ಕೂಡಿಕೊಂಡ ಕೂಡಲೇ ದೀಪ ಕೆಂಪಿಗೆ ಜಿಗಿಯುತ್ತದೆ. ಈಗಿನ ಡಿಜೆ ರೀಮಿಕ್ಸಿನ ಕಥೆ ಬೇರೆ: ಮೊದಲಿನಿಂದ ಕೊನೆಯವರೆಗೂ ಒಂದೇ ಸಮ ಒತ್ತಿ ತುಂಬಿರುತ್ತದೆ. ಪಾರಿಜಾತಕ್ಕೆ ಇಟ್ಟ ಗೇನಿನಲ್ಲೇ ರೀಮಿಕ್ಸ್ ಬಿಟ್ಟರೆ ಮೆರವಣಿಗೆಯ ಮಂದಿ ಬೆಚ್ಚಿ ಬೀಳುತ್ತಾರೆ. ಬೇಸ್ ಏರಿಸಿದರೆ ಮಟ್ಟವೂ ಏರುತ್ತದೆ, ಹಾಗಾಗಿ ಆಮೇಲೆ ಗೇನನ್ನು ಮತ್ತೊಮ್ಮೆ ನೋಡಬೇಕು. ಎರಡು ಹಾಡು ಕೂಡುವಾಗ ಒಂದರ ಬೇಸ್ ಇಳಿಸಿಕೊಳ್ಳದಿದ್ದರೆ ಎರಡೂ ಸೇರಿ, ಎಲ್ಲ ಚಾನೆಲ್ಲುಗಳು ಕೂಡುವ ಮಾಸ್ಟರನ್ನೇ ಕೆಂಪಿಗೆ ತಳ್ಳುತ್ತವೆ.

ಹಾಡನ್ನು ಮೊದಲು ತಾನು ಕೇಳಿ ಆಮೇಲೆ ಊರಿಗೆ ಕೇಳಿಸುವ ಪದ್ಧತಿ ಬಾನುಲಿಯವರಿಗೆ ಹಳೆಯದು. ಪ್ರಸಾರಕ್ಕೆ ಮುಂಚೆ ಗ್ರಾಮಫೋನ್ ತಟ್ಟೆಯ ಮೇಲೆ ಹಾಡಿನ ತಲೆ ಹಿಡಿದಿಟ್ಟುಕೊಳ್ಳುವುದು ಸ್ಟುಡಿಯೋದ ನಿತ್ಯದ ಕೆಲಸವಾಗಿತ್ತು. ಮಟ್ಟ ತೋರಿಸುವ ವಿಯು ಮೀಟರ್ ಅಮೆರಿಕದಲ್ಲಿ 1939ರಷ್ಟು ಹಿಂದೆಯೇ ಬಳಕೆಗೆ ಬಂತು. ನ್ಯೂಯಾರ್ಕಿನ ಕ್ಲಬ್ಬುಗಳಿಗೆ ಸೌಂಡ್ ಎಂಜಿನಿಯರ್ ಅಲೆಕ್ಸ್ ರೋಸ್ನರ್ ಕ್ಯೂ ಸೌಲಭ್ಯವಿದ್ದ ಮಿಕ್ಸರ್ ಕಟ್ಟಿಕೊಟ್ಟದ್ದು 1970ರ ದಶಕದ ಆರಂಭದಲ್ಲಿ.

ಜನರಿಗೆ ಜೋರೇ ಬೇಕು, ಕೆಂಪು ಹತ್ತಿದರೇನಾಯಿತು ಎಂದು ಕೇಳುವವರುಂಟು. ಕೆಂಪು ಹತ್ತಿದ ಮೇಲೆ ಜೋರು ಅಷ್ಟೇನೂ ಹೆಚ್ಚುವುದಿಲ್ಲ ಎಂಬುದೇ ಇಲ್ಲಿರುವ ತಮಾಷೆ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಆಂಪ್ಲಿಫೈಯರ್ 10 ಪಟ್ಟು ಶಕ್ತಿ ಕೊಡಬೇಕು. ಮಿತಿ ಮುಟ್ಟಿದ ಮಿಕ್ಸರಿನಲ್ಲಿ ಅಷ್ಟು ಏರಲು ಜಾಗವೇ ಇರುವುದಿಲ್ಲ. ಅಲೆಯ ತಲೆ ಕತ್ತರಿಸಿಹೋಗಿ ಚಪ್ಪಟೆಯಾಗುತ್ತದೆ. ಆ ಚಪ್ಪಟೆ ಅಲೆ ಅದೇ ಎತ್ತರದ ದುಂಡನೆಯ ಅಲೆಗಿಂತ ಎರಡು ಪಟ್ಟಿನವರೆಗೆ ಶಕ್ತಿ ಹೊತ್ತು ಸ್ಪೀಕರಿಗೆ ಬಿಸಿ ಹಚ್ಚುತ್ತದೆ. ಮೊದಲು ಸುಡುವುದು ಟಾಪಿನ ಕಾಯಿಲ್. ಗೇನಿನಲ್ಲಿ ಹೀಗೆ ಒಡೆದದ್ದನ್ನು ಮಾಸ್ಟರ್ ಇಳಿಸಿ ಸರಿಪಡಿಸಲಾಗದು.

ಸಾಫ್ಟ್‌ವೇರಿನಲ್ಲಿ ಆಟೋ ಗೇನ್ ಇದೆಯಲ್ಲ, ಹೆಡ್‌ಫೋನ್ ಯಾಕೆ ಎಂಬುದು ಇನ್ನೊಂದು ಪ್ರಶ್ನೆ. ಆಟೋ ಗೇನ್ ಹಾಡುಗಳ ಮಟ್ಟ ಸಮ ಮಾಡುತ್ತದೆ, ನಿಜ. ಆದರೆ ಫೋನಿನಿಂದ ಫೋನಿಗೆ ದಾಟಿ ಬಂದ ಜಾನಪದ ಹಾಡಿನ ಫೈಲಿನಲ್ಲಿ ಗಾಯಕನ ದನಿ ಮೊದಲೇ ಒಡೆದಿದ್ದರೆ ಅದು ಬಾಯಿ ಬಿಡುವುದಿಲ್ಲ. ಅದನ್ನು ಹಿಡಿಯುವುದಕ್ಕೆ ಕಿವಿಯೇ ಬೇಕು.

ಗಟ್ಟಿ ಆಕ್ಷೇಪ ಇದಲ್ಲ, ಮೂರನೆಯದು: ಸೌಂಡ್ ಸ್ವಚ್ಛವಾದರೆ ಕಿವಿಗೆ ಹಿತ, ಹಿತವಾದಷ್ಟೂ ಇನ್ನಷ್ಟು ಏರಿಸುವ ಆಸೆ. ಇದನ್ನು ನಾನು ಒಪ್ಪುತ್ತೇನೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ಸಾರ್ವಜನಿಕ ಜಾಗದ ಗಡಿಯಲ್ಲಿ ಧ್ವನಿವರ್ಧಕದ ಸದ್ದು ಆ ಮಿತಿಗಿಂತ 10 ಡೆಸಿಬೆಲ್ ಹೆಚ್ಚು ಅಥವಾ 75 ಡೆಸಿಬೆಲ್, ಇವೆರಡರಲ್ಲಿ ಕಡಿಮೆಯದನ್ನು ಮೀರಬಾರದು. ಹಾಡು ಸ್ವಚ್ಛವಾಗಿದ್ದರೂ ಈ ಅಂಕಿಗಳು ಸಡಿಲವಾಗುವುದಿಲ್ಲ, ಮಿಕ್ಸರಿನ ದೀಪಗಳಿಗೆ ಇವು ಗೊತ್ತೂ ಇಲ್ಲ; ಅವು ತೋರಿಸುವುದು ತಂತಿಯೊಳಗಿನ ಮಟ್ಟವನ್ನು ಮಾತ್ರ. ದೀಪಕ್ಕೂ ಮಿತಿಗೂ ಗಂಟು ಹಾಕುವ ದಾರಿ ಒಂದಿದೆ. ಮೆರವಣಿಗೆ ಹೊರಡುವ ಮುಂಚೆ ಮಿಕ್ಸರಿನಲ್ಲಿ ಹಾಡನ್ನು ಹಳದಿ ಮುಟ್ಟುವಷ್ಟಕ್ಕೆ ನಿಲ್ಲಿಸಿ, ಶಬ್ದಮಾಪಕ ಹಿಡಿದು ಹೊರಗೆ ನಿಂತು, ಬೀದಿಯ ಮಿತಿ ಎಷ್ಟೋ ಅಷ್ಟಕ್ಕೆ ಆಂಪ್ಲಿಫೈಯರನ್ನು ಹೊಂದಿಸಬೇಕು. ಆಮೇಲೆ ಆಂಪ್ಲಿಫೈಯರನ್ನು ಯಾರೂ ಮುಟ್ಟಕೂಡದು. ಹಾಗೆ ಮಾಡಿದರೆ ಮಿಕ್ಸರಿನ ಮುಂದೆ ನಿಂತ ಹುಡುಗನಿಗೆ ಕೆಂಪು ದೀಪ ಎರಡೂ ಸುದ್ದಿಯನ್ನು ಒಟ್ಟಿಗೆ ಹೇಳುತ್ತದೆ: ಹಾಡು ಒಡೆಯಿತು, ಬೀದಿಯ ಮಿತಿಯೂ ದಾಟಿತು.