ಹೂ ನೋಡಿ ಬಂದೆವು, ಹಣ್ಣು ಆರಿಸೋರು ಯಾರು?

(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ನಿಮ್ಮಲ್ಲಿ ಕೆಲವರು ಪ್ರವಾಸ ಹೋದಾಗ ಬೆಂಗಳೂರಿನ ಲಾಲ್‌ಬಾಗ್ ನೋಡಿದ್ದೀರಿ. 1760ರಲ್ಲಿ ಹೈದರ್ ಅಲಿ ಹಾಕಿಸಿದ ತೋಟ ಅದು. ಈಗ ಸುಮಾರು 240 ಎಕರೆ ಇದೆ. ಜನವರಿ ಮತ್ತು ಆಗಸ್ಟ್ ತಿಂಗಳಲ್ಲಿ ಅಲ್ಲಿಯ ಗಾಜಿನ ಮನೆಯಲ್ಲಿ ಹೂವಿನ ಪ್ರದರ್ಶನ ನಡೆಯುತ್ತದೆ. ಆದರೆ ಮರಗಳ ಪ್ರದರ್ಶನ ವರ್ಷವಿಡೀ ಇರುತ್ತದೆ. ಬೇಸಿಗೆಯಲ್ಲಿ ಗುಲ್‌ಮೊಹರ್ ಕೆಂಪಗೆ ಅರಳುತ್ತದೆ, ಮಾವು ಹಣ್ಣಾಗುತ್ತದೆ. ಮಳೆ ಹಿಡಿದರೆ ನೇರಳೆ ಉದುರುತ್ತದೆ. "ನಮ್ಮೂರಾಗ ಇಂಥಾದ್ದು ಎಲ್ಲಿ ಅದ ಅಕ್ಕಾ?" ಅಂತ ಕೇಳ್ತೀರಿ. ಅದ ತಾಯಿ, ನಿಮ್ಮ ಹೊಲದ ಬದುವಿನ ಮೇಲೇ ಅದ. ಅದೇ ಬೇವಿನ ಮರ.

ಯುಗಾದಿಗೆ ಅದರ ಹೂವನ್ನು ಬೆಲ್ಲದ ಜೊತೆ ತಿಂತೀವಿ. ಕಾರಹುಣ್ಣಿಮೆ ಹೊತ್ತಿಗೆ ಹಣ್ಣು ಹಳದಿಯಾಗಿ ಉದುರ್ತಾವ. ಅವನ್ನು ತುಳಿದುಕೊಂಡೇ ಹೋಗಿ ಅಂಗಡಿಯಲ್ಲಿ ಉದ್ರಿ ಬರೆಸಿ ಎಣ್ಣಿ ತರ್ತೀವಿ. ಹತ್ತಿ, ಮೆಣಸಿನಕಾಯಿ, ಭತ್ತಕ್ಕೆ ಹೊಡೆದ ಆ ಎಣ್ಣಿಯ ಸಾಲ ತೀರಿಸೋದು ಯಾರು? ಸಂಘದ ಉಳಿತಾಯದಿಂದ ನಾವೇ ಅಲ್ಲವೇ?

ಬಿದ್ದ ಹಣ್ಣು ಆರಿಸಿ, ಸಿಪ್ಪೆ ತೊಳೆದು, ಬೀಜವನ್ನು ನೆರಳಲ್ಲಿ ಒಣಗಿಸಿರಿ. ಬೂಸು ಹಿಡಿಯದಂತೆ ಗಾಳಿ ಆಡುವ ಗೋಣಿಚೀಲದಲ್ಲಿಡಿರಿ. ಒಂದು ವರ್ಷ ದಾಟಿದರೆ ಕಸುವು ಕಡಿಮೆ. 15 ಲೀಟರಿನ ಒಂದು ಪಂಪಿಗೆ ಮುಕ್ಕಾಲು ಕಿಲೋ ತಿರುಳು ಸಾಕು. ಅದನ್ನು ಕುಟ್ಟಿ, ಅರಿವೆಯಲ್ಲಿ ಕಟ್ಟಿ, ರಾತ್ರಿಯೆಲ್ಲ ನೀರಲ್ಲಿ ನೆನೆ ಇಡಿರಿ. ಬೆಳಿಗ್ಗೆ ಹಿಂಡಿ, ಸೋಸಿ, ಸುಮಾರು 20 ಗ್ರಾಂ ಸಾಬೂನು ಪುಡಿ ಕಲಸಿ, ಪಂಪು ತುಂಬುವಷ್ಟು ನೀರು ಸೇರಿಸಿರಿ. ಬಿಸಿಲಿಗೆ ಇದರ ಶಕ್ತಿ ಹೋಗುತ್ತದೆ. ಆದ್ದರಿಂದ ಅಂದೇ ಸಂಜೆ ಹೊಡೆಯಬೇಕು.

ಒಂದು ಮಾತು ನೆನಪಿರಲಿ. ಈ ಕಷಾಯ ಹುಳುವನ್ನು ತಕ್ಷಣ ಕೊಲ್ಲುವುದಿಲ್ಲ. ಅದು ಎಲೆ ತಿನ್ನುವುದನ್ನು, ಬೆಳೆಯುವುದನ್ನು ತಡೆಯುತ್ತದೆ. ಆದ್ದರಿಂದ ಹುಳು ಸಣ್ಣದಿದ್ದಾಗಲೇ ಹೊಡೀರಿ. ಹಾವಳಿ ಹೆಚ್ಚಾದರೆ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿರಿ.

ಹಣ್ಣು ಬಿಡದ ಅಂಜೂರದ ಮರವನ್ನು ಕಡಿ ಅಂದ ಯಜಮಾನನಿಗೆ, ಇನ್ನೊಂದು ವರ್ಷ ಬಿಡಿ ಎಂದು ತೋಟಗಾರ ಬೇಡಿಕೊಂಡ ಕಥೆಯನ್ನು ಯೇಸುಸ್ವಾಮಿ ಹೇಳಿದರು. ನಮ್ಮ ಬೇವು ವರ್ಷವರ್ಷವೂ ಹಣ್ಣು ಕೊಡ್ತದ. ಆರಿಸದೆ ಬಿಟ್ಟಿದ್ದು ನಾವು. ನೆರಳಿಗೆ ಬೆಳಿ ಬರಂಗಿಲ್ಲ ಅಂತ ಕೊಡಲಿ ಎತ್ತೋ ಮುಂಚೆ ಮನೆಯವರಿಗೆ ಇದನ್ನು ತಿಳಿಸಿ ಹೇಳಿರಿ.

ಹೊಲ ಇಲ್ಲದ ತಂಗಿಯರೂ, ಪಟ್ಟಣದ ಅಕ್ಕಂದಿರೂ ಬೀಜ ಆರಿಸಬಹುದು. ಬೇರೆಯವರ ಮರವಾದರೆ ಕೇಳಿಯೇ ಆರಿಸಿರಿ. ಸಂಘದಲ್ಲಿ ತೂಕ ಮಾಡಿ ಪುಸ್ತಕದಲ್ಲಿ ಬರೆಯಿರಿ. ಹೊಲ ಇದ್ದವರು ಅದನ್ನು ಕೊಳ್ಳಲಿ. ಮುಂದಿನ ವಾರದ ಸಭೆಯಲ್ಲಿ ಇದಕ್ಕೊಂದು ಠರಾವು ಮಾಡ್ತೀರಲ್ಲ?