ಕೆರೆಯ ಮೀನಿನಲ್ಲಿ ಮಾಂಸವು ಬೆಳೆಯುವ ಬಗೆ



ಕಡೂರು ಸೀಮೆಯಲ್ಲಿ ಮದಗದ ಕೆರೆ, ಅಯ್ಯನಕೆರೆಗಳೆಂಬ ದೊಡ್ಡ ಕೆರೆಗಳಿರುವುವು; ತರೀಕೆರೆಯ ಕಡೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಇರುವುದು. ಆದರೆ ಕಡೂರು, ಅಜ್ಜಂಪುರಗಳ ಬಯಲಿನ ಸಣ್ಣ ಕೆರೆಗಳು ಮಳೆಯನ್ನೇ ನಂಬಿದವು. ಬೇಸಗೆಯಲ್ಲಿ ತಳ ಕಾಣತಕ್ಕವು. ಇಂಥ ಕೆರೆಯನ್ನು ಗುತ್ತಿಗೆ ಹಿಡಿದವನಿಗೆ ದೊರೆಯುವ ಕಾಲವು ಕೆಲವೇ ತಿಂಗಳು. ಅಷ್ಟರೊಳಗೆ ಮರಿಯು ಮಾರತಕ್ಕ ಮೀನಾಗದಿದ್ದರೆ ಗುತ್ತಿಗೆಯ ಹಣವೂ ಮರಿಯ ಹಣವೂ ನೀರಿನೊಡನೆಯೇ ಆರಿಹೋಗುವುವು. ಆದುದರಿಂದ ಮೀನಿನ ಮಾಂಸವು ಬೆಳೆಯುವ ಕ್ರಮವನ್ನು ತಿಳಿದಿರುವುದು ಲಾಭಕರವು.

ಬೇಯಿಸಿದ ಮೀನನ್ನು ಬಿಡಿಸಿದರೆ ಮಾಂಸವು ಪದರ ಪದರವಾಗಿ ಬಿಚ್ಚಿಕೊಳ್ಳುವುದಷ್ಟೆ. ಈ ಪದರಗಳೆಲ್ಲವೂ ಸೂಕ್ಷ್ಮವಾದ ಎಳೆಗಳ ಕಟ್ಟುಗಳು. ಅವುಗಳಲ್ಲಿ ಬಹುಭಾಗವು ಬಿಳಿಯ ಮಾಂಸ. ಪಕ್ಕೆಯ ನಡುಗೆರೆಯ ಉದ್ದಕ್ಕೂ ಮಾತ್ರ ಕೆಂಪು ಮಾಂಸದ ತೆಳುವಾದ ಪಟ್ಟಿಯಿರುವುದು.

ಅಜ್ಜಂಪುರವು ಅಮೃತಮಹಲ್ ರಾಸುಗಳಿಗೆ ಹೆಸರಾದುದು. ಕರುವು ಹುಟ್ಟುವ ವೇಳೆಗೇ ಅದರ ಮಾಂಸದ ಎಳೆಗಳ ಸಂಖ್ಯೆಯು ಹೆಚ್ಚುಕಡಮೆ ಗೊತ್ತಾಗಿರುವುದು. ಮುಂದೆ ಆ ಎಳೆಗಳೇ ದಪ್ಪವಾಗುತ್ತ ಹೋರಿಯು ಬಲಿಯುವುದು. ಕಾಟ್ಲಾ, ರೋಹು ಮುಂತಾಗಿ ದೊಡ್ಡದಾಗಿ ಬೆಳೆಯುವ ಮೀನುಗಳಲ್ಲಿ ಹೀಗಲ್ಲ. ಹಳೆಯ ಎಳೆಗಳು ದಪ್ಪವಾಗುವುದಲ್ಲದೆ, ಅವುಗಳ ನಡುವೆ ಹೊಸ ಎಳೆಗಳೂ ಬಹುಕಾಲ ಹುಟ್ಟುತ್ತಲೇ ಇರುವುವು. ಎಳೆಗಳಿಗೆ ಅಂಟಿಕೊಂಡಿರುವ ಕೆಲವು ಜೀವಕೋಶಗಳು ವೃದ್ಧಿಹೊಂದಿ ಈ ಕೆಲಸವನ್ನು ನಡೆಸುವುವು.

ಈ ಕೆಲಸಕ್ಕೆ ಬೇಕಾದುವು ಮೂರು. ಮೊದಲನೆಯದು ಸಸಾರಜನಕವುಳ್ಳ ಆಹಾರ. ಅಕ್ಕಿಯ ತೌಡೊಂದರಿಂದಲೇ ಇದು ಸಾಲದು. ಕಡಲೆಕಾಯಿ ಹಿಂಡಿಯನ್ನು ಸಮಭಾಗವಾಗಿ ಬೆರಸಬೇಕು. ಹಿಂಡಿಯಲ್ಲಿ ನೂರಕ್ಕೆ 40 ಪಾಲಿನಷ್ಟು ಸಸಾರಜನಕವಿರುವುದು. ಎರಡನೆಯದು ನೀರಿನ ಬಿಸುಪು. 25ರಿಂದ 30 ಸೆಂಟಿಗ್ರೇಡ್ ಡಿಗ್ರಿಗಳಲ್ಲಿ ಬೆಳವಣಿಗೆಯು ಚೆನ್ನಾಗಿ ನಡೆಯುವುದು. ಮಾಗಿಯ ಚಳಿಯಲ್ಲಿ ಕುಂದುವುದು. ಮೂರನೆಯದು ಪ್ರಾಣವಾಯು. ಕಿಕ್ಕಿರಿದ ಕೆರೆಯಲ್ಲಿ ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದರೆ ಅದರ ಕೊರತೆಯುಂಟೆಂದು ತಿಳಿಯತಕ್ಕದ್ದು.

ಹಸಿದ ಮೀನು ಬೆಳೆಯದಿರುವುದು ಮಾತ್ರವಲ್ಲ. ತನ್ನ ಮಾಂಸವನ್ನೇ ಕರಗಿಸಿ ಜೀವ ಹಿಡಿಯುವುದು. "ಹೆಚ್ಚು ಮರಿ ಬಿಟ್ಟರೆ ಹೆಚ್ಚು ಮೀನು" ಎಂಬ ಎಣಿಕೆಯು ಇದರಿಂದಲೇ ಕೆಡುವುದು. ಸಾಮಾನ್ಯ ಗೆಂಡೆಯ ವಿಷಯದಲ್ಲಿ ಇನ್ನೊಂದು ನಷ್ಟವುಂಟು. ಅದು ಬೆಚ್ಚನೆಯ ನೀರಿನಲ್ಲಿ ಬೇಗನೆ ಮೊಟ್ಟೆ ಕಟ್ಟುವುದರಿಂದ, ಮಾಂಸವಾಗಬೇಕಾದ ಸತ್ತ್ವವು ಮೊಟ್ಟೆಯ ಪಾಲಾಗುವುದು. ತಡವಾಗಿ ಮೊಟ್ಟೆ ಕಟ್ಟುವ ಅಮೂರ್ ಗೆಂಡೆಯು ಈ ದೃಷ್ಟಿಯಿಂದ ಮೇಲಾದುದು.

ಹೊಸ ಎಳೆಗಳನ್ನು ಹುಟ್ಟಿಸುವ ಶಕ್ತಿಯು ಉಳಿದಿರುವುದರಿಂದ, ಇಕ್ಕಟ್ಟಿನಲ್ಲಿ ಕುಗ್ಗಿದ ಮರಿಯೂ ವಿಶಾಲವಾದ ನೀರೂ ಆಹಾರವೂ ದೊರೆತೊಡನೆ ಚುರುಕಾಗಿ ಬೆಳೆಯಬಲ್ಲುದು. ಹಿಂದಿನ ವರ್ಷದ ಮರಿಗಳನ್ನು ಸಣ್ಣ ಕೊಳದಲ್ಲಿ ಕಾಪಾಡಿಟ್ಟು, ಕೆರೆ ತುಂಬಿದ ಕೂಡಲೆ ಬಿಡುವವನಿಗೆ ಎಷ್ಟೋ ತಿಂಗಳುಗಳು ಉಳಿತಾಯವಾಗುವುವು. ಅದಿಲ್ಲದಿದ್ದರೆ ನಾಲ್ಕು ಅಂಗುಲಕ್ಕೆ ಕಡಮೆಯಿಲ್ಲದ ಮರಿಗಳನ್ನೇ ಕೊಳ್ಳತಕ್ಕದ್ದು. ನೂಲಿನಂಥ ಮರಿಗಳು ಸಾವಿರವಿದ್ದರೂ ಕೆರೆ ಬತ್ತುವ ವೇಳೆಗೆ ತಕ್ಕಡಿಗೆ ಬರುವುದು ಸ್ವಲ್ಪವೇ. ಎಣಿಕೆಯನ್ನು ಕಡಮೆ ಮಾಡಿ ತೂಕವನ್ನು ಹೆಚ್ಚಿಸಿಕೊಳ್ಳುವುದೇ ಬತ್ತುವ ಕೆರೆಯ ಒಕ್ಕಲಿಗೆ ತಕ್ಕ ಮಾರ್ಗವು.