ಸಂರಕ್ಷಿತ ಸ್ಮಾರಕದ ನೆರೆಯಲ್ಲಿ ಆವರಣ ಗೋಡೆ: ಪರವಾನಗಿಗೆ ಮುನ್ನ ಅಳೆಯಬೇಕಾದ ದೂರ

(ಬೆಳ್ಳಂದೂರಿನಲ್ಲಿ ನಡೆದ ಕಾರ್ಯಾಗಾರದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಉಪನ್ಯಾಸ)



ನನ್ನದೇ ಒಂದು ತಪ್ಪಿನಿಂದ ಮಾತನ್ನು ಆರಂಭಿಸಲು ಅಪ್ಪಣೆ ಕೋರುತ್ತೇನೆ. ಹಿಂದೆ ನಾನು ಸೇವೆಯಲ್ಲಿದ್ದ ಗ್ರಾಮ ಪಂಚಾಯಿತಿಯೊಂದರಲ್ಲಿ ವೃದ್ಧರೊಬ್ಬರು ಅರ್ಜಿ ಸಲ್ಲಿಸಿದರು. ಮಳೆಗೆ ಅವರ ಮನೆಯ ಕಲ್ಲಿನ ಆವರಣ ಗೋಡೆ ಉಬ್ಬಿ, ಒಂದು ಮೂಲೆ ಕುಸಿದಿತ್ತು. ಅದನ್ನು ಕೆಡವಿ ಆರು ಅಡಿ ಎತ್ತರದ ಸಿಮೆಂಟ್ ಇಟ್ಟಿಗೆಯ ಗೋಡೆ ಕಟ್ಟಬೇಕೆಂಬುದು ಕೋರಿಕೆ. ಎಂಜಿನಿಯರಿಂಗ್ ಓದಿದವನಾದ ನಾನು ತಳಪಾಯದ ಆಳವನ್ನು, ಗೋಡೆಯ ದಪ್ಪವನ್ನು ವಿಚಾರಿಸಿ ಪರವಾನಗಿಗೆ ಸಹಿ ಮಾಡಿದೆ. ಗೋಡೆಯ ಆಚೆಗೆ ಏನಿದೆ ಎಂದು ಕೇಳಲಿಲ್ಲ. ಅರವತ್ತು ಮೀಟರ್ ಆಚೆ ಕೇಂದ್ರ ಸಂರಕ್ಷಿತ ಸ್ಮಾರಕವಿತ್ತು. ಗೋಡೆ ಅರ್ಧಕ್ಕೆ ಏಳುವಷ್ಟರಲ್ಲಿ ನೋಟೀಸು ಬಂದಿತು, ಕೆಲಸ ನಿಂತಿತು. ಆ ಹಿರಿಯರು ಕಚೇರಿಗೆ ಬಂದು, "ಸ್ವಾಮಿ, ಇದು ನೀವೇ ಕೊಟ್ಟ ಕಾಗದ ಅಲ್ಲವೇ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ.

ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದ ಅನ್ವಯ ಕಟ್ಟಡ ಕಟ್ಟಲು, ಮಾರ್ಪಡಿಸಲು ನಮ್ಮ ಲಿಖಿತ ಅನುಮತಿ ಬೇಕು. ಆದರೆ ಸ್ಮಾರಕದ ಸನಿಹದಲ್ಲಿ ಆ ಅನುಮತಿಯೊಂದೇ ಸಾಲದು. ಪ್ರಾಚೀನ ಸ್ಮಾರಕಗಳು ಹಾಗೂ ಪುರಾತತ್ವ ಸ್ಥಳಗಳು ಮತ್ತು ಅವಶೇಷಗಳ ಅಧಿನಿಯಮ, 1958ಕ್ಕೆ 2010ರಲ್ಲಿ ತಂದ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ದೂರವನ್ನು ಗೋಪುರದಿಂದಲೋ ಬಾಗಿಲಿನಿಂದಲೋ ಅಳೆಯತಕ್ಕದ್ದಲ್ಲ; ಸಂರಕ್ಷಿತ ಪ್ರದೇಶದ ಎಲ್ಲೆಯಿಂದ ಅಳೆಯಬೇಕು. ಈ ಒಂದು ವ್ಯತ್ಯಾಸದಿಂದಲೇ ಎಷ್ಟೋ ನಿವೇಶನಗಳು ಒಳಗೆ ಬೀಳುತ್ತವೆ. ನಮ್ಮ ನೆರೆಯ ದೇವನಹಳ್ಳಿ ಕೋಟೆಯನ್ನೇ ನೋಡಿ: ಕೋಟೆಯ ಒಳಗೇ ಜನವಸತಿ ಇದೆ. ಅಲ್ಲಿ ಮನೆಯ ಮುಂದಿನ ಒಂದು ಗೋಡೆಯೂ ಈ ಪ್ರಶ್ನೆಯಿಂದ ಹೊರಗುಳಿಯದು.

ಹಾಗೆಂದು ನಿಷೇಧಿತ ಪ್ರದೇಶದಲ್ಲಿ ಗೋಡೆಯನ್ನು ಮುಟ್ಟುವಂತೆಯೇ ಇಲ್ಲವೆಂದು ಹೇಳಿ ಜನರನ್ನು ಹಿಂದಕ್ಕೆ ಕಳುಹಿಸುವುದೂ ಸರಿಯಲ್ಲ. 1992ರ ಜೂನ್ 16ಕ್ಕೆ ಮುನ್ನ ಇದ್ದ ರಚನೆಯನ್ನು ಸಕ್ಷಮ ಪ್ರಾಧಿಕಾರದ ಅನುಮತಿ ಪಡೆದು ದುರಸ್ತಿ ಮಾಡಬಹುದು, ನವೀಕರಿಸಬಹುದು. ಪುನರ್ನಿರ್ಮಾಣಕ್ಕೆ ಮಾತ್ರ ಅಲ್ಲಿ ಅವಕಾಶವಿಲ್ಲ. ಅದಕ್ಕೆ ಅರ್ಜಿ ಸಲ್ಲಿಸಬಹುದಾದುದು ನಿಯಂತ್ರಿತ ಪ್ರದೇಶದಲ್ಲಿ. "ಹಳೆಯದನ್ನು ಕೆಡವಿ ಹೊಸದು ಕಟ್ಟುವ ಬಗ್ಗೆ" ಎಂದು ಬರೆದ ಅರ್ಜಿ ಅಲ್ಲಿಗೇ ಸೋತಂತೆ.

ವಾಸ್ತವದಲ್ಲಿ ಆ ವೃದ್ಧರ ಗೋಡೆಗೆ ಬೇಕಿದ್ದುದೂ ದುರಸ್ತಿಯೇ. ಕಲ್ಲಿನ ಹಳೆಯ ಗೋಡೆ ಉಬ್ಬುವುದು ಬಹುಮಟ್ಟಿಗೆ ಹಿಂಬದಿಯ ಮಣ್ಣಿನಲ್ಲಿ ನೀರು ನಿಲ್ಲುವುದರಿಂದ, ಇಲ್ಲವೇ ಅರಳಿಯ ಬೇರು ಸಂದಿಗೆ ಇಳಿಯುವುದರಿಂದ. ನೀರು ಹೊರಬರಲು ಕಿಂಡಿ ಬಿಟ್ಟು, ಹಿಂದೊಂದು ಚರಂಡಿ ತೆಗೆದು, ಸಡಿಲಗೊಂಡ ಅದೇ ಕಲ್ಲುಗಳನ್ನು ಸುಣ್ಣದ ಗಾರೆಯಲ್ಲಿ ಕೂರಿಸಿದರೆ ಸಾಕಾಗುತ್ತಿತ್ತು. ಸಿಮೆಂಟಿನಿಂದ ಸಂದಿ ಮುಚ್ಚಿದರೆ ತೇವ ಹೊರಹೋಗಲಾರದೆ ಕಲ್ಲಿನಲ್ಲೇ ಉಳಿದು, ಕಲ್ಲಿನ ಮೈ ಹಕ್ಕಳೆಯಾಗಿ ಏಳುತ್ತದೆ. ನಮ್ಮ ಕಾಲೇಜಿನಲ್ಲಿ ಸುಣ್ಣದ ಗಾರೆಗೆ ಒಂದು ತರಗತಿಯೂ ಮೀಸಲಿರಲಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕಾಲಾವಧಿಯ ಮಾತು. ಸಕ್ಷಮ ಪ್ರಾಧಿಕಾರ ಅರ್ಜಿಯನ್ನು 15 ದಿನಗಳಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಕಳುಹಿಸಬೇಕು; ಅಲ್ಲಿಂದ ಅಭಿಪ್ರಾಯ ಬರಲು ಎರಡು ತಿಂಗಳು, ಬಳಿಕ ತೀರ್ಮಾನಕ್ಕೆ ಒಂದು ತಿಂಗಳು. ಶಿವರಾತ್ರಿಯ ನಂತರ ಅರ್ಜಿ ಹಾಕಿದವರು ಮುಂಗಾರಿಗೆ ಮುನ್ನ ಗೋಡೆ ಮುಗಿಸಲಾರರು. ದೀಪಾವಳಿಯ ವೇಳೆಗೇ ಹಾಕುವಂತೆ ತಿಳಿಸಿ. ಅನುಮತಿಯಿಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

ರಾಜ್ಯ ಸಂರಕ್ಷಿತ ಸ್ಮಾರಕಗಳ ವಿಷಯದಲ್ಲಿ ಕೇಳಬೇಕಾದುದು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯನ್ನು. ಪಾರಂಪರಿಕ ಕಟ್ಟಡವೆಂದು ಘೋಷಿತವಾದುದಾದರೆ ಯೋಜನಾ ಪ್ರಾಧಿಕಾರವನ್ನು. ಈ ಮೂರು ಪಟ್ಟಿಗಳನ್ನು ಬೆರೆಸಬಾರದು.

ಪಟ್ಟಿಯಲ್ಲಿಲ್ಲದ ಗೋಡೆಗಳ ಬುಡದಲ್ಲೂ ಎಚ್ಚರ ಬೇಕು. ನಾವು ಸೇರಿರುವ ಬೆಳ್ಳಂದೂರು 2007ರವರೆಗೆ ಗ್ರಾಮ ಪಂಚಾಯಿತಿಯೇ ಆಗಿತ್ತು. ಇಲ್ಲಿಗೆ ದೂರವಲ್ಲದ ಬೇಗೂರಿನ ನಾಗೇಶ್ವರ ದೇವಾಲಯದಲ್ಲಿ 'ಬೆಂಗಳೂರು' ಎಂಬ ಹೆಸರುಳ್ಳ, ಸುಮಾರು ಕ್ರಿ.ಶ. 890ರ ಶಾಸನವಿದೆ. ಹೆಬ್ಬಾಳದ ಕಿತ್ತಯ್ಯನ ಎಂಟನೆಯ ಶತಮಾನದ ವೀರಗಲ್ಲು 2018ರಲ್ಲಿ ಮತ್ತೆ ಬೆಳಕಿಗೆ ಬಂದುದು ನೆಲ ಅಗೆಯುವಾಗ. ತಳಪಾಯದಲ್ಲಿ ಅಕ್ಷರವಿರುವ ಕಲ್ಲು ಕಂಡರೆ ಗುದ್ದಲಿ ಕೆಳಗಿಡಿಸಿ, ತಹಶೀಲ್ದಾರರಿಗೂ ಪುರಾತತ್ವ ಇಲಾಖೆಗೂ ಅಂದೇ ಬರೆಯಿರಿ.

ನಮ್ಮ ಪಂಚಾಯಿತಿಯ ಅರ್ಜಿ ನಮೂನೆಗೆ ಈಗ ಒಂದು ಸಾಲು ಸೇರಿಸಿದ್ದೇವೆ: "ನಿವೇಶನದಿಂದ 300 ಮೀಟರ್ ಒಳಗೆ ಸಂರಕ್ಷಿತ ಸ್ಮಾರಕವಿದೆಯೇ? ಇದ್ದರೆ ಅದರ ಎಲ್ಲೆಯಿಂದ ಎಷ್ಟು ದೂರ?" ಇದನ್ನು ತುಂಬಬೇಕಾದವರು ಅರ್ಜಿದಾರರಲ್ಲ, ಸ್ಥಳಕ್ಕೆ ಹೋಗಿ ಟೇಪು ಹಿಡಿದು ಅಳೆಯುವ ನಮ್ಮ ಸಿಬ್ಬಂದಿ. ನಮೂನೆಯ ಪ್ರತಿಗಳನ್ನು ತಂದಿದ್ದೇನೆ. ಬೇಕಾದವರು ಊಟದ ವಿರಾಮದಲ್ಲಿ ಪಡೆಯಬಹುದು.